ಕಾರಿನ ವಾಟರ್ ಪಂಪ್ ಕೈಕೊಟ್ಟಾಗ: ‘ವಾರಂಟಿಲಿ ಬರಲ್ಲ’ ಅಂತ ತೀರ್ಮಾನಿಸೋರು ಯಾರು?

‘ವೇರ್ ಅಂಡ್ ಟೇರ್ ಸರ್, ವಾರಂಟಿಲಿ ಬರಲ್ಲ.’

ಕಾರು, ಬೈಕು, ಫ್ರಿಡ್ಜು, ಮೊಬೈಲು, ಏನನ್ನೇ ರಿಪೇರಿಗೆ ಒಯ್ದವರಿಗೂ ಈ ವಾಕ್ಯ ಬಾಯಿಪಾಠ ಆಗಿರುತ್ತೆ. ಬಳಸಿ ಸವೆದದ್ದು ನಮ್ಮ ಖರ್ಚು, ತಯಾರಿಕೆಯಲ್ಲೇ ದೋಷ ಇದ್ದದ್ದು ಕಂಪನಿಯ ಖರ್ಚು. ಕೇಳೋಕೆ ನ್ಯಾಯವಾಗಿಯೇ ಇದೆ. ತಕರಾರು ಇರೋದು, ಯಾವುದು ಸವೆತ, ಯಾವುದು ದೋಷ ಅಂತ ಹೇಳೋ ಅಧಿಕಾರ ಯಾರ ಕೈಲಿದೆ ಅನ್ನೋದರಲ್ಲಿ. ದುಡ್ಡು ಕೊಡಬೇಕಾದವರೇ ತೀರ್ಪುಗಾರರೂ ಆಗಿರುವ ಒಪ್ಪಂದ ಇದು.

ನನ್ನ ಕಾರಿನ ವಾಟರ್ ಪಂಪ್ ಹೋದಾಗ ಕಾರಿಗೆ ಎರಡು ವರ್ಷ ಎಂಟು ತಿಂಗಳು, ಓಡಿದ್ದು 41 ಸಾವಿರ ಕಿಲೋಮೀಟರ್. ವಾರಂಟಿ ಮೂರು ವರ್ಷ ಅಥವಾ 1 ಲಕ್ಷ ಕಿ.ಮೀ. ಮೊದಲ ದಿನ ಕೈಗೆ ಬಂದ ಎಸ್ಟಿಮೇಟ್ 8,400 ರೂಪಾಯಿ. ಒಂಬತ್ತನೇ ದಿನ ಬಂದ ಬಿಲ್ ಸೊನ್ನೆ. ಪಂಪ್ ಅದೇ, ತೊಂದರೆ ಅದೇ. ನಡುವೆ ಬದಲಾಗಿದ್ದು ಜಾಬ್ ಕಾರ್ಡ್‌ನ ಒಂದು ಸಾಲು. ಆ ಸಾಲು ಹೇಗೆ ಬದಲಾಗುತ್ತೆ, ಯಾಕೆ ಮೊದಲೇ ಹಾಗೆ ಬರೆಯಲ್ಲ ಅನ್ನೋದನ್ನ ಇಲ್ಲಿ ಬರೆದಿಡ್ತಿದ್ದೀನಿ. ಕಾರಿಲ್ಲದವರೂ ಓದಬಹುದು, ವಾಷಿಂಗ್ ಮಷೀನಿಗೂ ಇದೇ ಕಥೆ.

ಪಂಪ್ ಮಾಡೋ ಕೆಲಸ

ಪೆಟ್ರೋಲ್ ಉರಿದು ಬರೋ ಶಾಖದಲ್ಲಿ ಚಕ್ರ ತಿರುಗಿಸೋಕೆ ಬಳಕೆಯಾಗೋದು ಸುಮಾರು ಮೂರನೇ ಒಂದು ಭಾಗ. ಇನ್ನೊಂದು ಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತೆ. ಹೆಚ್ಚುಕಮ್ಮಿ ಅಷ್ಟೇ ಶಾಖವನ್ನು ಕೂಲಂಟ್ ಹೊತ್ತೊಯ್ದು ರೇಡಿಯೇಟರ್‌ನಲ್ಲಿ ಗಾಳಿಗೆ ಬಿಡಬೇಕು. ಆ ಕೂಲಂಟ್ ಅನ್ನು ಎಂಜಿನ್ ಸುತ್ತ ಓಡಿಸೋದೇ ವಾಟರ್ ಪಂಪ್. ಒಂದು ಸಣ್ಣ ಫ್ಯಾನಿನ ಹಾಗಿರೋ ಇಂಪೆಲ್ಲರ್, ಒಂದು ಶಾಫ್ಟ್, ಒಂದು ಬೇರಿಂಗ್, ನೀರು ಬೇರಿಂಗ್ ಕಡೆ ಬಾರದ ಹಾಗೆ ತಡೆಯೋ ಒಂದು ಸೀಲ್, ಇಷ್ಟೇ ಅದರ ಒಡಲು. ತಿರುಗಿಸೋದು ಎಂಜಿನ್ನಿನ ಬೆಲ್ಟ್.

ಕೆಲವು ಎಂಜಿನ್‌ಗಳಲ್ಲಿ ಈ ಪಂಪನ್ನು ತಿರುಗಿಸೋದು ಟೈಮಿಂಗ್ ಬೆಲ್ಟ್. ಅಲ್ಲಿ ಪಂಪ್‌ನ ಬೇರಿಂಗ್ ಜಾಮ್ ಆದರೆ ಬೆಲ್ಟ್ ಹಲ್ಲು ಜಾರಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯಬಹುದು. ಕೆಲವು ಸಾವಿರದ ಬಿಡಿಭಾಗ ಇಡೀ ಎಂಜಿನ್ನನ್ನೇ ಮುಗಿಸುತ್ತೆ. ನಿಮ್ಮ ಕಾರಿನಲ್ಲಿ ಯಾವ ಬೆಲ್ಟ್ ಅನ್ನೋದನ್ನ ತಿಳಿದಿಟ್ಟುಕೊಳ್ಳಿ.

ಸಾಮಾನ್ಯವಾಗಿ ಮೊದಲು ಸೋಲೋದು ಸೀಲ್. ಪಂಪ್‌ನ ಮೈಮೇಲೆ ಒಂದು ಸಣ್ಣ ತೂತು ಇರುತ್ತೆ, ಅದು ತಪ್ಪಿ ಆಗಿದ್ದಲ್ಲ, ಬೇಕಂತಲೇ ಇಟ್ಟಿದ್ದು. ಸೀಲ್ ದಾಟಿ ಬಂದ ಕೂಲಂಟ್ ಬೇರಿಂಗಿಗೆ ನುಗ್ಗದೆ ಅಲ್ಲಿಂದ ಹೊರಗೆ ಸೋರಲಿ ಅಂತ. ಹಾಗಾಗಿ ಆ ತೂತಿನ ಕೆಳಗೆ ಒಣಗಿದ ಗುಲಾಬಿ, ಹಸಿರು ಅಥವಾ ನೀಲಿ ಕಲೆ ಕಂಡರೆ ಸೀಲ್ ಕೈಕೊಟ್ಟಿದೆ ಅನ್ನೋದಕ್ಕೆ ಅದೇ ಸಾಕ್ಷಿ. ‘ಸಾಕ್ಷಿ’ ಅನ್ನೋ ಪದ ನೆನಪಲ್ಲಿರಲಿ, ಮುಂದೆ ಬೇಕಾಗುತ್ತೆ.

ರಸ್ತೆಯಲ್ಲಿ ಮಾಡಬೇಕಾದ್ದು

ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕಾದರೆ ಕೆಂಪು ದೀಪ. ಅಂದರೆ ಮುಳ್ಳು ನಿಧಾನವಾಗಿ ಮೇಲೇರೋದನ್ನ ನೋಡಿ ಎಚ್ಚೆತ್ತುಕೊಳ್ಳೋ ಅವಕಾಶವನ್ನ ಕಂಪನಿ ಕಿತ್ತುಕೊಂಡಿದೆ. ಕೆಂಪು ಬಂದಾಗಲೇ ತಡವಾಗಿರುತ್ತೆ. ಇದರ ಜೊತೆಗೆ ಇನ್ನೊಂದು ಮೋಸ ಇದೆ: ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಸುತ್ತ ದ್ರವವೇ ಇರಲ್ಲ, ಆಗ ಅದು ಕಡಿಮೆ ಬಿಸಿ ತೋರಿಸಬಹುದು. ದೀಪ ಆರಿತು ಅಂತ ಮುಂದೆ ಓಡಿಸಿದರೆ ಕೆಲಸ ಕೆಟ್ಟಿತು.

ನನಗೆ ದೀಪ ಬಂದಿದ್ದು ಹಿರಿಯೂರಿನ ಹತ್ತಿರ, ದಾವಣಗೆರೆ ಕಡೆ ಹೋಗುವಾಗ. ಬದಿಗೆ ಹಾಕಿ ಎಂಜಿನ್ ಆಫ್ ಮಾಡಿದೆ. ಪಕ್ಕದ ಟೀ ಅಂಗಡಿಯವರು ಕೊಡ ಹಿಡಿದು ಬಂದೇಬಿಟ್ಟರು. ‘ಅಣ್ಣಾ, ನೀರ್ ಹಾಕ್ಲಾ?’ ಒಳ್ಳೆ ಮನಸ್ಸೇ, ಆದರೆ ಬೇಡ ಅಂದೆ. ಕಾರಣ ಎರಡು. ಕೂಲಂಟ್‌ನ ಗ್ಲೈಕಾಲ್ ಬೆರಕೆ ಮತ್ತು ಮುಚ್ಚಳ ಹಿಡಿದಿಟ್ಟ ಒತ್ತಡ ಸೇರಿ ಅದರ ಕುದಿಯೋ ಬಿಂದು 120 ಡಿಗ್ರಿ ದಾಟಿರುತ್ತೆ. ಬಿಸಿಯಲ್ಲಿ ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು ಎಲ್ಲಾ ಒಮ್ಮೆಲೇ ಕುದ್ದು ಮುಖಕ್ಕೆ ಚಿಮ್ಮುತ್ತೆ. ಕಾದ ಅಲ್ಯೂಮಿನಿಯಂ ಹೆಡ್ಡಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಲೂಬಹುದು. ಎರಡನೇ ಕಾರಣ ಕಾಗದಪತ್ರದ್ದು. ಬಯಲುಸೀಮೆಯ ಬೋರ್‌ವೆಲ್ ನೀರು ಎಂಥಾ ಗಡಸು ಅಂತ ನಮ್ಮೆಲ್ಲರ ಮನೆಯ ಗೀಸರ್ ಹೇಳುತ್ತೆ. ಅದನ್ನ ಸುರಿದ ಮೇಲೆ ‘ಕೂಲಂಟ್‌ನಲ್ಲಿ ಮಾಮೂಲಿ ನೀರು ಬೆರೆಸಿದ್ದಾರೆ, ಅದಕ್ಕೇ ಸೀಲ್ ಹೋಗಿದೆ’ ಅಂತ ಬರೆಯೋಕೆ ಯಾರಿಗೂ ಕಷ್ಟ ಆಗಲ್ಲ.

ಅರ್ಧ ಗಂಟೆಯಾದರೂ ತಣಿಯೋಕೆ ಬಿಡಿ. ಆಮೇಲೂ ಓಡಿಸಿಕೊಂಡು ಹೋಗೋ ಸಾಹಸ ಬೇಡ, ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿ ಎಳೆಸಿಕೊಂಡು ಹೋಗಿ. ಆ ಕರೆಯ ಸಮಯ, ಟೋಯಿಂಗ್ ರಸೀದಿ, ಡ್ಯಾಶ್‌ಬೋರ್ಡ್‌ನ ಫೋಟೋ, ಬಾನೆಟ್ ಒಳಗಿನ ಫೋಟೋ, ಕಾರಿನಡಿ ಬಿದ್ದ ಕಲೆಯ ಫೋಟೋ ಎಲ್ಲವನ್ನೂ ಇಟ್ಟುಕೊಳ್ಳಿ. ಪಂಪ್ ದೋಷ ಅಂತ ಒಪ್ಪಿದ ಮೇಲೂ ಕಂಪನಿಗೆ ಒಂದು ದಾರಿ ಉಳಿದಿರುತ್ತೆ: ‘ದೀಪ ಬಂದ ಮೇಲೂ ಓಡಿಸಿದ್ದೀರ, ಹಾಗಾಗಿ ಹೆಡ್ ಗ್ಯಾಸ್ಕೆಟ್ ಹೋಗಿದ್ದಕ್ಕೆ ನಾವು ಹೊಣೆಯಲ್ಲ.’ ದೊಡ್ಡ ದುಡ್ಡು ಇರೋದು ಅಲ್ಲೇ.

ಜಾಬ್ ಕಾರ್ಡ್ ಅನ್ನೋ ದಾಖಲೆ

ಸರ್ವಿಸ್ ಸೆಂಟರ್‌ನಲ್ಲಿ ಕಾರು ಒಳಗೆ ಬಿಡುವಾಗ ಅಡ್ವೈಸರ್ ಟ್ಯಾಬ್‌ನಲ್ಲಿ ಏನೋ ಟೈಪ್ ಮಾಡಿ ‘ಇಲ್ಲೊಂದು ಸೈನ್ ಹಾಕಿ ಸರ್’ ಅಂತಾರೆ. ನನ್ನ ಜಾಬ್ ಕಾರ್ಡ್‌ನಲ್ಲಿ ಗ್ರಾಹಕರ ದೂರು ಅನ್ನೋ ಜಾಗದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದು ‘ವಾಟರ್ ಪಂಪ್ ಬದಲಿಸುವುದು’ ಅಂತ. ಅದು ದೂರಲ್ಲ, ಆರ್ಡರ್. ಹೋಟೆಲ್‌ನಲ್ಲಿ ಮಸಾಲೆ ದೋಸೆ ಹೇಳಿದ ಹಾಗೆ. ಅದಕ್ಕೆ ಸಹಿ ಹಾಕಿದರೆ ನಾನೇ ದುಡ್ಡು ಕೊಟ್ಟು ಪಂಪ್ ಹಾಕಿಸಿಕೊಳ್ಳೋಕೆ ಬಂದಿದ್ದೀನಿ ಅಂತ ಅರ್ಥ.

ನಾನು ಬರೆಸಿದ್ದು ಹೀಗೆ: ‘ಚಲಿಸುವಾಗ ಟೆಂಪರೇಚರ್ ದೀಪ ಬಂತು, ತಕ್ಷಣ ನಿಲ್ಲಿಸಿ ಟೋ ಮಾಡಿಸಲಾಗಿದೆ, ಪಂಪ್ ಕಡೆಯಿಂದ ಕೂಲಂಟ್ ಸೋರಿಕೆ, ಕಾರಣ ಪರಿಶೀಲಿಸಿ, ವಾರಂಟಿಯಡಿ ದುರಸ್ತಿ ಕೋರಿಕೆ.’ ಅಡ್ವೈಸರ್ ಮುಖ ಸಣ್ಣ ಮಾಡಿದರು. ‘ಅಷ್ಟೆಲ್ಲಾ ಸಿಸ್ಟಮ್ಮಲ್ಲಿ ಹಿಡಿಯಲ್ಲ ಸರ್.’ ಹಿಡಿಯಿತು.

ಕೂಲಂಟ್ ಬದಲಿಸೋ ಮೊದಲು ಅದರ ಬಣ್ಣ, ಗ್ಲೈಕಾಲ್ ಪ್ರಮಾಣ ನೋಡಿ ಬರೆಯಿರಿ ಅಂತ ಕೇಳಬಹುದು, ರಿಫ್ರ್ಯಾಕ್ಟೋಮೀಟರ್ ಅನ್ನೋ ಸಣ್ಣ ಉಪಕರಣದಲ್ಲಿ ಎರಡು ನಿಮಿಷದ ಕೆಲಸ. ಎಂಜಿನ್ ಕಂಪ್ಯೂಟರಿನ ಸ್ಕ್ಯಾನ್ ವರದಿಯ ಪ್ರತಿಯನ್ನೂ ಕೇಳಿ. ಮಿತಿಮೀರಿ ಕಾದಾಗ ಅಲ್ಲಿ ಪಿ0217 ಅನ್ನೋ ಕೋಡ್ ದಾಖಲಾಗಬಹುದು, ಅದರ ಜೊತೆ ಆ ಕ್ಷಣದ ವೇಗ, ಉಷ್ಣಾಂಶಗಳೂ ಸಿಗಬಹುದು. ನೀವು ಬೇಗ ನಿಲ್ಲಿಸಿದ್ದರೆ ಅದು ನಿಮ್ಮ ಪರ ಮಾತಾಡುತ್ತೆ.

ಇದಕ್ಕೆಲ್ಲಾ ಇಷ್ಟು ಒತ್ತು ಯಾಕೆ ಅಂದರೆ, ವಾರಂಟಿಯಡಿ ಬಿಚ್ಚಿದ ಹಳೇ ಭಾಗ ಸಾಮಾನ್ಯವಾಗಿ ಕಂಪನಿಯ ಸ್ವತ್ತು. ಬುಕ್‌ಲೆಟ್‌ನಲ್ಲೇ ಹಾಗೆ ಬರೆದಿರುತ್ತೆ. ನಾಳೆ ಎಂಜಿನ್ನಿಗೆ ಬೇರೆ ತೊಂದರೆ ಬಂದು ‘ಅವತ್ತಿನ ಪಂಪ್‌ನಿಂದಲೇ ಆಗಿದ್ದು’ ಅಂತ ವಾದಿಸೋಕೆ ಹೋದರೆ ತೋರಿಸೋಕೆ ಪಂಪೇ ಇರಲ್ಲ. ಸಾಕ್ಷ್ಯ ಎದುರು ಪಕ್ಷದ ಗೋದಾಮಿನಲ್ಲಿರುತ್ತೆ. ಹಾಗಾಗಿ ಬಿಚ್ಚುವಾಗ ಅಲ್ಲೇ ನಿಂತು ನೋಡ್ತೀನಿ ಅನ್ನಿ, ಸೋರಿದ ತೂತು, ಸೀಲ್, ಪಾರ್ಟ್ ನಂಬರ್ ಎಲ್ಲದರ ಫೋಟೋ ತೆಗೆಯಿರಿ.

ಅಡ್ವೈಸರ್ ಯಾಕೆ ಹಾಗಂತಾರೆ

ಅವರ ಮೇಲೆ ರೇಗಿ ಪ್ರಯೋಜನ ಇಲ್ಲ, ನ್ಯಾಯವೂ ಅಲ್ಲ. ಡೀಲರ್ ಬೇರೆ ವ್ಯಾಪಾರಿ, ತಯಾರಕ ಕಂಪನಿ ಬೇರೆ. ವಾರಂಟಿ ಕೆಲಸ ಮಾಡಿದ ಮೇಲೆ ಡೀಲರ್ ಅದರ ದುಡ್ಡನ್ನು ಕಂಪನಿಯಿಂದ ವಸೂಲಿ ಮಾಡಬೇಕು. ಈ ಕೆಲಸಕ್ಕೆ ಇಷ್ಟೇ ಗಂಟೆ, ಗಂಟೆಗೆ ಇಷ್ಟೇ ದರ ಅಂತ ಸಾಮಾನ್ಯವಾಗಿ ಕಂಪನಿಯೇ ನಿಗದಿ ಮಾಡಿರುತ್ತೆ. ಫೋಟೋ, ಹಳೇ ಭಾಗ, ಕಾರಣ ಸರಿಯಿಲ್ಲ ಅಂದರೆ ಕ್ಲೇಮ್ ತಿರಸ್ಕಾರ, ನಷ್ಟ ಡೀಲರ್ ತಲೆಗೆ. ಅದೇ ಗಿರಾಕಿ ದುಡ್ಡು ಕೊಟ್ಟರೆ ಅವತ್ತೇ ಕೈಗೆ ಕಾಸು. ಹೀಗಿರುವಾಗ ಸಂದೇಹ ಇದ್ದ ಕಡೆಯೆಲ್ಲಾ ‘ವೇರ್ ಅಂಡ್ ಟೇರ್’ ಅನ್ನೋದು ಅವರಿಗೆ ಕ್ಷೇಮ. ಸಂಬಳಕ್ಕಿರೋ ಹುಡುಗ ಕೌಂಟರ್‌ನಲ್ಲಿ ಬೈಸಿಕೊಳ್ತಾನೆ, ನಿಯಮ ಬರೆದವರು ನಮ್ಮ ಕಣ್ಣಿಗೇ ಬೀಳಲ್ಲ.

ಹಾಗಾಗಿ ನಾನು ಅವರಿಗೆ ಕೇಳಿದ್ದು ಒಂದೇ ಪ್ರಶ್ನೆ: ‘ಬರಲ್ಲ ಅನ್ನೋದನ್ನ ಬುಕ್‌ಲೆಟ್‌ನ ಯಾವ ಷರತ್ತಿನ ಪ್ರಕಾರ ಅಂತ ಮೇಲ್‌ನಲ್ಲಿ ಬರೆದು ಕಳಿಸ್ತೀರಾ?’ ಅದೇ ಮೇಲ್‌ಗೆ ಕಂಪನಿಯ ಕಸ್ಟಮರ್ ಕೇರ್ ವಿಳಾಸವನ್ನೂ ಸೇರಿಸಿದೆ. ಬುಕ್‌ಲೆಟ್‌ನಲ್ಲಿ ವಾರಂಟಿಗೆ ಬಾರದ ಭಾಗಗಳ ಪಟ್ಟಿ ಇತ್ತು: ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಫಿಲ್ಟರ್, ಬಲ್ಬ್, ಬೆಲ್ಟ್, ಎಣ್ಣೆ, ಕೂಲಂಟ್. ವಾಟರ್ ಪಂಪ್ ಇರಲಿಲ್ಲ. ಸರ್ವಿಸ್ ವೇಳಾಪಟ್ಟಿಯಲ್ಲೂ ಇಷ್ಟು ಕಿಲೋಮೀಟರಿಗೆ ಪಂಪ್ ಬದಲಿಸಿ ಅಂತ ಎಲ್ಲೂ ಇಲ್ಲ. ಸವೆಯೋ ವಸ್ತು ಅಂತಾದರೆ ಅದಕ್ಕೊಂದು ಆಯಸ್ಸು ಹೇಳಬೇಕಲ್ಲ? 1 ಲಕ್ಷ ಕಿ.ಮೀ. ವಾರಂಟಿ ಕೊಟ್ಟ ಎಂಜಿನ್ನಿನ ಪಂಪ್ 41 ಸಾವಿರಕ್ಕೆ ‘ಸಹಜವಾಗಿ’ ಸವೆಯಿತು ಅನ್ನೋದು ಯಾವ ಲೆಕ್ಕ? ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದ್ದು ಕೊನೆಗೂ ಒಂದು ಮೇಲ್ ಬರೆಯೋಕೆ ಉಪಯೋಗಕ್ಕೆ ಬಂತು.

ಆರು ದಿನ ಕಂಪನಿಯಿಂದ ‘ಪರಿಶೀಲನೆಯಲ್ಲಿದೆ’ ಅನ್ನೋದು ಬಿಟ್ಟು ಬೇರೆ ಉತ್ತರ ಬರಲಿಲ್ಲ. ಏಳನೇ ದಿನ ಅಡ್ವೈಸರ್ ಫೋನ್: ‘ಕಂಪನಿಯವರು ಗುಡ್‌ವಿಲ್‌ನಲ್ಲಿ ಮಾಡ್ಕೊಡಿ ಅಂದಿದ್ದಾರೆ ಸರ್.’

ಕೇಳೋಕೆ ಹಿತವಾದ ಪದ. ಆದರೆ ಗುಡ್‌ವಿಲ್ ಅಂದರೆ ಅವರು ತೋರಿಸೋ ಉದಾರತೆ, ವಾರಂಟಿ ಅಂದರೆ ನಾನು ಕಾರಿನ ಬೆಲೆಯ ಜೊತೆಗೇ ದುಡ್ಡು ಕೊಟ್ಟು ಕೊಂಡ ಹಕ್ಕು. ಗುಡ್‌ವಿಲ್ ಅಂತ ಬರೆದರೆ ಪಂಪ್‌ನಲ್ಲಿ ದೋಷ ಇತ್ತು ಅಂತ ಕಂಪನಿ ಎಲ್ಲೂ ಒಪ್ಪಿದ ಹಾಗಾಗಲ್ಲ. ಮತ್ತೆ ಕೆಟ್ಟರೆ ಮತ್ತೆ ಅವರ ಮರ್ಜಿ. ‘ಇನ್‌ವಾಯ್ಸ್‌ನಲ್ಲಿ ವಾರಂಟಿ ಅಂತಲೇ ಬರಲಿ’ ಅಂದೆ. ಇನ್ನೆರಡು ದಿನ ಹೋಯಿತು, ಹಾಗೇ ಬಂತು.

ಕಾನೂನು ಎಷ್ಟು ದೂರ ಬರುತ್ತೆ

ಹೊರಗಿನ ಗ್ಯಾರೇಜಿನಲ್ಲಿ ಒಮ್ಮೆ ಎಣ್ಣೆ ಬದಲಿಸಿದರೆ ವಾರಂಟಿ ಪೂರ್ತಿ ರದ್ದು ಅಂತ ಹೆದರಿಸೋದುಂಟು. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಶಂಷೇರ್ ಕಟಾರಿಯಾ ಪ್ರಕರಣದಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಬಿಡಿಭಾಗ, ರಿಪೇರಿ ಕೈಪಿಡಿ, ಪರೀಕ್ಷಾ ಉಪಕರಣಗಳು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನೋದು ಆರೋಪ. ಹೊರಗಡೆ ರಿಪೇರಿ ಮಾಡಿಸಿದ್ದಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವಂತಿಲ್ಲ, ಹೊರಗಿನ ತಪ್ಪು ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಅಂತಲೂ ಆ ಆದೇಶ ಹೇಳಿತ್ತು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪನಿಗಳ ವಿಷಯದಲ್ಲಿ ದಂಡ ತಗ್ಗಿಸಿತು, ಮೂಲ ತೀರ್ಮಾನವನ್ನ ಎತ್ತಿಹಿಡಿಯಿತು. ಅಲ್ಲಿಂದ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆದಾಗ ಅದರ ನಾಲ್ಕು ವಲಯಗಳಲ್ಲಿ ವಾಹನಗಳೂ ಇದ್ದವು. ಪೋರ್ಟಲ್ ಬಂತು, ಕಡ್ಡಾಯ ಮಾಡೋ ಕಾನೂನು ಬರಲಿಲ್ಲ.

ಕಂಪನಿ ಒಪ್ಪದಿದ್ದರೆ ಮೊದಲ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲೇ ಮಾತಾಡಬಹುದು. ಅದು ತೀರ್ಪು ಕೊಡಲ್ಲ, ದೂರನ್ನ ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರೋ ಅಥವಾ ಕೆಲಸ ಮಾಡೋ ಊರಲ್ಲೇ ದೂರು ಹಾಕಬಹುದು, ಕಾರು ಎಲ್ಲೇ ಕೊಂಡಿರಲಿ. ವಕೀಲರು ಕಡ್ಡಾಯವಲ್ಲ. ಶುಲ್ಕ ಲೆಕ್ಕ ಹಾಕೋದು ರಿಪೇರಿ ಬಿಲ್ ಮೇಲಲ್ಲ, ಕಾರಿಗೆ ಕೊಟ್ಟ ಬೆಲೆ ಮೇಲೆ. 5 ಲಕ್ಷದವರೆಗೆ ಶುಲ್ಕವಿಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಸಲ್ಲಿಕೆ ಇದೆ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು.

ದೂರಿನಲ್ಲಿ ಡೀಲರ್ ಮತ್ತು ತಯಾರಕ ಇಬ್ಬರನ್ನೂ ಸೇರಿಸಿ. 2021ರ ಟಾಟಾ ಮೋಟಾರ್ಸ್ ವಿರುದ್ಧ ಆಂಟೋನಿಯೋ ಪಾಲೋ ವಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡೀಲರ್ ಮತ್ತು ಕಂಪನಿ ಸ್ವತಂತ್ರ ವ್ಯಾಪಾರಿಗಳಾಗಿ ವ್ಯವಹರಿಸುವಾಗ, ತನಗೆ ಗೊತ್ತಿಲ್ಲದ ಡೀಲರ್ ತಪ್ಪಿಗೆ ಕಂಪನಿಯನ್ನ ಹೊಣೆ ಮಾಡಲಾಗದು ಅಂದಿತು. ಒಬ್ಬರನ್ನೇ ಹಿಡಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸ್ತಾರೆ. ಇನ್ನೊಂದು ಮಿತಿಯೂ ಗೊತ್ತಿರಲಿ. ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬ್ಗೋತ್ರಾ ಪ್ರಕರಣದಲ್ಲಿ 2006ರಲ್ಲೇ ಕೋರ್ಟ್, ವಾರಂಟಿಯಲ್ಲಿ ಹೇಳಿರೋದು ದೋಷಪೂರಿತ ಭಾಗ ಬದಲಿಸುವುದು ಅಂತಾದರೆ ಇಡೀ ಕಾರು ಬದಲಿಸಿ ಅನ್ನಲಾಗದು ಅಂತ ಹೇಳಿದೆ. ಅಮೆರಿಕದ ರಾಜ್ಯಗಳಲ್ಲಿ, 1982ರಲ್ಲಿ ಕನೆಕ್ಟಿಕಟ್‌ನಿಂದ ಶುರುವಾಗಿ, ಪದೇಪದೇ ಕೆಡೋ ಹೊಸ ಕಾರನ್ನ ವಾಪಸ್ ಪಡೆಯೋ ‘ಲೆಮನ್ ಕಾನೂನು’ಗಳಿವೆ. ನಮ್ಮಲ್ಲಿ ಅಂಥದ್ದಿಲ್ಲ.

ಪಂಪ್ ಫ್ರೀ, ದಿನಗಳು ಫ್ರೀ ಅಲ್ಲ

ಸರ್ವಿಸ್ ಸೆಂಟರಿನ ಕಾಯೋ ಜಾಗದಲ್ಲಿ ಮಂಡ್ಯ ಕಡೆಯ ಒಬ್ಬ ಕ್ಯಾಬ್ ಚಾಲಕರು ಸಿಕ್ಕಿದ್ದರು. ಅವರದ್ದೂ ಕೂಲಂಟ್ ಸೋರಿಕೆ. ‘ನಿಮ್ದು ಬಿಡಿ ಸಾರ್, ಮೆಟ್ರೋಲಿ ಹೋಗ್ತೀರ. ನಂಗೆ ಗಾಡಿ ನಿಂತ್ರೆ ಹೊಟ್ಟೆನೂ ನಿಂತಂಗೆ. ಇಎಂಐ ಮಾತ್ರ ನಿಲ್ಲಲ್ಲ.’ ಅವರ ಬುಕ್‌ಲೆಟ್‌ನಲ್ಲಿ ಹಳದಿ ಬೋರ್ಡ್ ಗಾಡಿಗೆ ವಾರಂಟಿ ಅವಧಿಯೇ ಕಡಿಮೆ. ಅವರು ಎರಡನೇ ದಿನವೇ ದುಡ್ಡು ಕಟ್ಟಿ ಗಾಡಿ ಬಿಡಿಸಿಕೊಂಡು ಹೋದರು. ಕಾಯೋದಕ್ಕಿಂತ ಕಟ್ಟೋದೇ ಅಗ್ಗ ಅನ್ನೋ ಲೆಕ್ಕ ಸರಿಯಾಗೇ ಇತ್ತು.

ನಾನು ಒಂಬತ್ತು ದಿನ ಹಟ ಹಿಡಿದದ್ದರಲ್ಲಿ ಹಕ್ಕಿನ ಅರಿವಿಗಿಂತ ಹೆಚ್ಚಾಗಿ ಇದ್ದದ್ದು ಬಿಡುವು. ವಾರಂಟಿ ಷರತ್ತುಗಳಲ್ಲಿ ಗಾಡಿ ನಿಂತ ದಿನಗಳ ಆದಾಯ ನಷ್ಟವನ್ನ ಹೊರಗಿಟ್ಟಿರುತ್ತಾರೆ. ಆಯೋಗ ನಿರ್ಲಕ್ಷ್ಯ ಸಾಬೀತಾದರೆ ಪರಿಹಾರ ಕೊಡಿಸಬಹುದು, ಮತ್ತು ಸ್ವಂತ ದುಡಿಮೆಗಾಗಿ ಗಾಡಿ ಕೊಂಡ ಚಾಲಕ ‘ವಾಣಿಜ್ಯ ಬಳಕೆ’ ಅನ್ನೋ ಕಾರಣಕ್ಕೆ ಗ್ರಾಹಕ ಅಲ್ಲ ಅಂತಾಗಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲೇ ಆ ವಿನಾಯಿತಿ ಇದೆ. ಆದರೆ ಅದೇ ಕಾಯ್ದೆ ದೂರು ಇತ್ಯರ್ಥಕ್ಕೆ ಇಟ್ಟಿರೋ ಗುರಿ ಮೂರು ತಿಂಗಳು, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು. ವಾಸ್ತವದಲ್ಲಿ ಇನ್ನೂ ಹೆಚ್ಚು. ಕಂತು ಪ್ರತಿ ತಿಂಗಳ ಐದನೇ ತಾರೀಕಿಗೆ ಹೋಗುತ್ತೆ.

ಒಂದೇ ಮಾದರಿಯ ಎಷ್ಟು ಪಂಪ್‌ಗಳು 50 ಸಾವಿರ ಕಿ.ಮೀ. ಒಳಗೆ ಸೋರಿವೆ ಅನ್ನೋ ಲೆಕ್ಕ ಕಂಪನಿಯ ಕಂಪ್ಯೂಟರ್‌ನಲ್ಲಿದೆ. ಅದನ್ನ ಪ್ರಕಟಿಸಿ ಅಂತ ಕೇಳೋ ನಿಯಮ ಇದ್ದಿದ್ದರೆ ಆ ಚಾಲಕರು ಒಂದು ಕಾಗದ ತೋರಿಸಿ ಎರಡೇ ದಿನದಲ್ಲಿ ಗೆಲ್ಲಬಹುದಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಂ ಸರ್ಕಾರಕ್ಕೆ ವಾಹನಗಳನ್ನ ವಾಪಸ್ ಕರೆಸೋ ಅಧಿಕಾರ ಕೊಟ್ಟಿದೆ, ಆದರೆ ಅದು ಪರಿಸರಕ್ಕೆ ಅಥವಾ ರಸ್ತೆಯಲ್ಲಿರೋ ಜನರಿಗೆ ಅಪಾಯ ತರೋ ದೋಷಗಳಿಗೆ. ಜೇಬಿಗೆ ಅಪಾಯ ತರೋ ದೋಷಕ್ಕಲ್ಲ. ‘ಇವಿ ತಗೊಂಡ್ರೆ ಈ ರಗಳೆಯೇ ಇಲ್ಲ’ ಅನ್ನೋರಿಗೆ ಒಂದು ಮಾತು: ದ್ರವದಿಂದ ಬ್ಯಾಟರಿ ತಂಪು ಮಾಡೋ ಇವಿಗಳಲ್ಲೂ ಕೂಲಂಟ್ ಇದೆ, ಪಂಪೂ ಇದೆ. ಬೆಲ್ಟ್ ಬದಲು ಸಾಫ್ಟ್‌ವೇರ್ ತಿರುಗಿಸುತ್ತೆ, ಆ ಸಾಫ್ಟ್‌ವೇರ್‌ನ ಬೀಗದ ಕೈ ಕಂಪನಿ ಹತ್ತಿರ.

ರಿಪೇರಿ ಆದ ಮೇಲಿನ ಕೆಲಸ ಸ್ವಲ್ಪವೇ. ಇನ್‌ವಾಯ್ಸ್‌ನಲ್ಲಿ ‘ವಾರಂಟಿ’ ಅಂತಿದೆಯಾ, ಹೊಸ ಪಂಪ್‌ನ ಪಾರ್ಟ್ ನಂಬರ್ ಇದೆಯಾ ನೋಡಿ. ಬದಲಿ ಭಾಗಕ್ಕೆ ಹೊಸ ವಾರಂಟಿ ಶುರುವಾಗುತ್ತೆ ಅಂದುಕೊಳ್ಳಬೇಡಿ, ಹೆಚ್ಚಿನ ಕಂಪನಿಗಳಲ್ಲಿ ಹಳೇ ಅವಧಿಯಲ್ಲಿ ಉಳಿದಿರೋದಷ್ಟೇ. ನನ್ನದಕ್ಕೆ ಉಳಿದದ್ದು ನಾಲ್ಕು ತಿಂಗಳು. ಎಣ್ಣೆಯ ಡಿಪ್‌ಸ್ಟಿಕ್ ತೆಗೆದು ನೋಡಿ, ಹಾಲು ಬೆರೆತ ಚಹಾದ ಬಣ್ಣ ಇದ್ದರೆ ಕೂಲಂಟ್ ಎಣ್ಣೆಗೆ ಸೇರಿದೆ ಅಂತ, ಗ್ಯಾಸ್ಕೆಟ್ ಹೋಗಿರಬಹುದು. ಸೈಲೆನ್ಸರ್‌ನಲ್ಲಿ ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೂ ಅದೇ ಅನುಮಾನ. ಮೊದಲ ಎರಡು ವಾರ ರಾತ್ರಿ ಕಾರಿನಡಿ ಒಂದು ರಟ್ಟಿನ ತುಂಡು ಹಾಸಿಡಿ. ಬೆಳಗ್ಗೆ ಅದರ ಮೇಲೆ ಕಲೆ ಕಂಡರೆ ಫೋಟೋ ತೆಗೆದು, ಹಳೇ ಜಾಬ್ ಕಾರ್ಡ್ ನಂಬರ್ ಹಾಕಿ, ಅವತ್ತೇ ಮೇಲ್ ಕಳಿಸಿ.